ನಕ್ಷೆಯಲ್ಲಿ ಕರಗಿದ ಅರಿಸಿನ-ಕುಂಕುಮದ ಪಟ್ಟಿ

ಗುರುಬಾಯಿ ಅಕ್ಕಾ, ನಿಮ್ಮ ಬಾಳೆಯ ನೆಲದ ಪಟ್ಟಿಯನ್ನು ನಕ್ಷೆಯಿಂದ ಅಳಿಸಿದವಳು ನಾನು. ನಿಮ್ಮ ಅಣ್ಣನಲ್ಲ. ಈ ಎರಡು ಮಾತು ಹೇಳಲು ನನಗೆ ಇಷ್ಟು ವರ್ಷ ಹಿಡಿಯಿತು — ಬಾಯಿಲ್ಲದವಳೇನೂ ಅಲ್ಲ ನಾನು, ನಿಮಗೆ ಗೊತ್ತೇ ಇದೆ.

ಸೇಡಂ ರಸ್ತೆಯ ಸಣ್ಣ ಕಚೇರಿಯೊಂದರಲ್ಲಿ ಕಂಪ್ಯೂಟರ್ ನಕ್ಷೆ ಮಾಡುವ ಕೆಲಸ ನನ್ನದು. ಕಮಲಾಪುರದ ಹೊಲಗಳಿಗೆ ನೀರಿನ ಪೈಪು ಬರುವುದಿತ್ತು. ಯಾರ ಹೊಲ ಎಲ್ಲಿದೆ ಎಂದು ರೈತರು ಮೊಬೈಲಿನಲ್ಲೇ ನೋಡಬೇಕಿತ್ತು. ಅಳತೆಯ ದಿನ ನೀವು ಗಂಡನ ಊರು ಶರಣಸಿರಸಗಿಯಿಂದ ಬಸ್ಸು ಹತ್ತಿ ಬಂದು, ಬದುವಿನ ಮೇಲೆ ನನ್ನ ಮುಂದೆ ಮುಂದೆ ನಡೆದಿರಿ. ತವರಿನ ಹೊಲದ ಅಂಚಿಗೆ, ಅಪ್ಪ ನಿಮಗೆ ಅರಿಸಿನ-ಕುಂಕುಮಕ್ಕೆಂದು ಕೊಟ್ಟ ಪಟ್ಟಿ — ಅದರ ತುಂಬ ಕೆಂಪು ಬಾಳೆ. ಅದರ ಗೆರೆಯನ್ನು ನನ್ನ ಕೈಯಾರೆ ಗುರುತಿಸಿದ್ದೆ.

ಊರಿನ ಅಷ್ಟೂ ಹೊಲಗಳನ್ನು ಒಟ್ಟಿಗೆ ಕಳಿಸಿದರೆ ಮೊಬೈಲು ಏದುಸಿರು ಬಿಡುತ್ತದೆ. ಅದಕ್ಕೆ ನಕ್ಷೆಯನ್ನು ನೆಲಕ್ಕೆ ಹಾಸುವ ಫರಸಿ ಕಲ್ಲುಗಳ ಹಾಗೆ ಚೌಕ ಚೌಕವಾಗಿ ಕತ್ತರಿಸುತ್ತೇವೆ. ನೋಡುವವರ ಕಣ್ಣ ಮುಂದಿನ ಚೌಕವಷ್ಟೇ ಬರುತ್ತದೆ. ಚೌಕದ ಭಾರ ಹೆಚ್ಚಾದರೆ ತೀರ ಸಣ್ಣ ತುಂಡುಗಳನ್ನು ಪಕ್ಕದ ದೊಡ್ಡ ಹೊಲದೊಳಗೆ ಕರಗಿಸುವುದುಂಟು. ದೂರದಿಂದ ನೋಡುವಾಗ ಅದು ತಪ್ಪಲ್ಲ — ಹತ್ತಿರ ಬಂದಾಗ ಎಲ್ಲವೂ ಮತ್ತೆ ಬಿಡಿಬಿಡಿಯಾಗಿ ಕಾಣಬೇಕು, ಅಷ್ಟೆ. ನಾನು ಹತ್ತಿರದ ನೋಟಕ್ಕೂ ಅದನ್ನೇ ಹಚ್ಚಿಬಿಟ್ಟೆ. ನಕ್ಷೆ ಸರಸರನೆ ಓಡಿತು. ಕಚೇರಿಯಲ್ಲಿ ಶಹಬ್ಬಾಸ್ ಎಂದರು, ನಾನು ಪೂರಿಯ ಹಾಗೆ ಉಬ್ಬಿದೆ. ಹೆಣ್ಣುಮಕ್ಕಳಿಗೆ ಕೊಡುವ ನೆಲ ಯಾವಾಗಲೂ ಸಣ್ಣದೇ ಎಂಬುದು ಹೊಳೆಯಲೇ ಇಲ್ಲ — ನಾನೂ ಒಬ್ಬರ ಮನೆಯ ಮಗಳೇ.

ಕಮಲಾಪುರದ ಸಭೆಯಲ್ಲಿ ನಕ್ಷೆಯನ್ನು ಗೋಡೆಯ ಮೇಲೆ ತೋರಿಸಿದೆವು. ನಿಮ್ಮ ಪಟ್ಟಿ ಇರಲಿಲ್ಲ. ಅಲ್ಲೆಲ್ಲ ನಿಮ್ಮ ಅಣ್ಣ ಬಸಣ್ಣನವರ ಹೊಲದ ಬಣ್ಣವೇ ಹರಡಿತ್ತು.

“ನನ್ನ ಪಟ್ಟಿ ಎಲ್ಲಿ ಹೋತ್ರಿ ಮೇಡಂ?” ಎಂದಿರಿ.

ಆ ಕ್ಷಣವೇ ನನಗೆ ತಿಳಿಯಿತು. ಏನು ಮಾಡಿದ್ದೇನೆ, ಯಾವಾಗ ಮಾಡಿದ್ದೇನೆ — ಎಲ್ಲ. ಪಕ್ಕದಲ್ಲಿ ನಮ್ಮ ಸಾಹೇಬರು ಕುಳಿತಿದ್ದರು. ಆಗ ನಾನು ಹೇಳಿದ್ದು ಇದು:

“ನಿಮ್ಮ ತವರ ಮನಿಯವ್ರು ಹೆಂಗ ಹೇಳ್ಯಾರೋ ಹಂಗ ಹಾಕೀವ್ರಿ ಅಕ್ಕಾ.”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಆ ನೆಲದವರನ್ನೇ ಡೊಂಕು ಮಾಡಿದೆ.

“ನಾ ಏನೂ ಹೇಳಿಲ್ಲ ತಂಗಿ, ದೇವರಾಣಿ,” ಎಂದರು ಬಸಣ್ಣ.

ನೀವು ಅವರನ್ನೇ ನೋಡುತ್ತ, “ಅರಿಷಿಣ-ಕುಂಕುಮದ ನೆಲಾನೂ ಬೇಕಾತೇನು ಅಣ್ಣಾ ನಿನಗ?” ಎಂದು ಎದ್ದು ನಡೆದಿರಿ.

ಮರುದಿನವೇ ಚೌಕಗಳನ್ನು ಹೊಸದಾಗಿ ಕತ್ತರಿಸಿ ನಿಮ್ಮ ಪಟ್ಟಿಯನ್ನು ಮರಳಿ ತಂದೆ, ಯಾರಿಗೂ ಹೇಳದೆ. ನಿಮ್ಮ ಬಾಳೆಗೆ ನೀರೂ ಬಂತು. ಸರಿಹೋಯಿತಲ್ಲ ಎಂದು ನನ್ನನ್ನು ನಾನೇ ನಂಬಿಸಿಕೊಂಡೆ… ಅಣ್ಣ ಮಂದಿಗೆ ಅಂಜಿ ನೆಲ ಬಿಟ್ಟುಕೊಟ್ಟ ಎಂದು ನೀವು ತಿಳಿದಿರಿ.

ಹೋದ ಶ್ರಾವಣದಲ್ಲಿ ಪೇಟೆಯ ಜಗತ್ ವೃತ್ತದ ಅಂಗಡಿ ಸಾಲಿನಲ್ಲಿ ಸಿಕ್ಕಿದಿರಿ. ನಾಗರ ಪಂಚಮಿಗೆ ತವರಿಗೆ ಹೋಗಿದ್ದಿರಾ ಎಂದು ಕೇಳಿದೆ — ಕೇಳುವ ಬಾಯಾದರೂ ಹೇಗೆ ಬಂತೋ. “ಅಣ್ಣ ಪ್ರತಿ ವರ್ಷಾ ಕರಿಯಾಕ ಬರ್ತಾನ್ರಿ. ನಾ ಹೋಗಂಗಿಲ್ಲ,” ಎಂದು, ಚೀಲದಿಂದ ಎರಡು ಕೆಂಪು ಬಾಳೆಹಣ್ಣು ತೆಗೆದು ನನ್ನ ಕೈಗಿಟ್ಟಿರಿ. ನಾನು ತೆಗೆದುಕೊಂಡೆ. ಆಗಲೂ ಹೇಳಲಿಲ್ಲ, ಅಕ್ಕಾ. ಆ ಹಣ್ಣನ್ನು ತಿಂದೆ ಕೂಡ.

ಕ್ಷಮೆ ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ. ಪಂಚಮಿ ಮತ್ತೆ ಹತ್ತಿರ ಬಂದಿದೆ. ಮೊದಲು ಕಮಲಾಪುರಕ್ಕೆ ಹೋಗಿ ಬಸಣ್ಣನವರ ಮುಂದೆ ನಿಂತು ಹೇಳುತ್ತೇನೆ. ಅಲ್ಲಿಂದ ನೇರ ಶರಣಸಿರಸಗಿಗೆ ಬಂದು ಇದನ್ನೇ ನಿಮ್ಮೆದುರೂ ಹೇಳುತ್ತೇನೆ. ಈ ಸಲವೂ ಅವರು ನಿಮ್ಮನ್ನು ಕರೆಯಲು ಬರುತ್ತಾರೆ — ಅವರು ಬಾಗಿಲು ಬಡಿಯುವ ಮೊದಲೇ ನಾನು ಬಂದು ಹೋಗಿರಬೇಕು.