‘ಮ್ಯಾಲ’ ಅಂದರೆ ಎಲ್ಲಿ?

ರಾತ್ರಿ ಹಾರುವ ಹಕ್ಕಿಗಳನ್ನು ಹಿಡಿಯಲು ನಾನೊಂದು ಪ್ಲಾಸ್ಟಿಕ್ ಬಕೆಟ್ ಇಟ್ಟಿದ್ದೇನೆ. ಹಿಡಿಯುವುದು ಅಂದರೆ ಅವುಗಳ ಕೂಗನ್ನು. ವಲಸೆ ಹೋಗುವ ಎಷ್ಟೋ ಹಕ್ಕಿಗಳು ಕತ್ತಲಲ್ಲೇ ಪ್ರಯಾಣ ಮಾಡುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಒಂದನ್ನೊಂದು ಕರೆಯುತ್ತ ಹೋಗುತ್ತವೆ. ಬಕೆಟ್ಟಿನ ತಳದಲ್ಲಿ ಮೈಕು, ಬಾಯಿಗೆ ಬಿಗಿದ ತೆಳು ಹಾಳೆ, ಪಕ್ಕದ ಡಬ್ಬಿಯಲ್ಲಿ ರೆಕಾರ್ಡರ್. ಅದನ್ನು ಚಾಲೂ ಮಾಡಿ ನಾನು ಹಾಯಾಗಿ ಮಲಗುತ್ತೇನೆ. ಬೆಳಿಗ್ಗೆ ಚಹಾ ಕುಡಿಯುತ್ತ, ರಾತ್ರಿಯ ಸದ್ದೆಲ್ಲ ಕಂಪ್ಯೂಟರಿನಲ್ಲಿ ಗೆರೆಗಳಾಗಿ ಮೂಡಿದ್ದನ್ನು ನೋಡುತ್ತೇನೆ. ಅನುಮಾನ ಬಂದ ಗೆರೆಯ ಹತ್ತಿರ ನಿಲ್ಲಿಸಿ ಕೇಳುತ್ತೇನೆ. ಅನುಮಾನ ಪಡುವುದೊಂದನ್ನು ವಿಶ್ವವಿದ್ಯಾಲಯ ನನಗೆ ಚೆನ್ನಾಗಿಯೇ ಕಲಿಸಿದೆ.

ಕಲಬುರಗಿಯಲ್ಲಿ, ಸೇಡಂ ರಸ್ತೆಯ ನಮ್ಮ ಮನೆಯ ಮಾಳಿಗೆಯ ಮೇಲೆ ಬಕೆಟ್ಟು ಮೂರು ವಾರ ಕೂತಿತ್ತು. ಅದಕ್ಕೆ ಸಿಕ್ಕಿದ್ದು ಆಂಬುಲೆನ್ಸು, ನಾಯಿ ಜಗಳ, ಮದುವೆಯ ಡಿಜೆ. ಪಕ್ಕದ ಮನೆಯ ಆಪಾ ತಮ್ಮ ಮಾಳಿಗೆಯಿಂದ ಇಣುಕಿ ನೋಡಿ, ಉಪ್ಪಿನಕಾಯಿ ಇಟ್ಟಿದ್ದೇನೆಂದು ತಿಳಿದು ಮರುಗಿದರು: “ಸರ್, ಅಚಾರಕ್ಕ ಬಿಸಲು ಬೇಕ್ರೀ. ರಾತ್ರಿ ಇಟ್ರ ಬೂಸ್ಟು ಬರ್ತದ.”

ಬಕೆಟ್ಟಿಗೆ ಊರು ಬದಲಿಸಲು ಬೇರೆ ಕಾರಣವೂ ಇತ್ತು. ನಮ್ಮ ಹಕ್ಕಿ ಹವ್ಯಾಸಿಗಳ ಗುಂಪಿಗೆ ಒಂದು ಟಿಪ್ಪಣಿ ಬರೆದುಕೊಡುತ್ತೇನೆ ಎಂದು ಒಪ್ಪಿದ್ದೆ. ಅದರ ಮೊದಲ ವಾಕ್ಯ: ‘ಚಿಕ್ಕವನಿದ್ದಾಗ ಕಮಲಾಪುರದಲ್ಲಿ, ರಾತ್ರಿ ಆಕಾಶದಲ್ಲಿ ಹಕ್ಕಿಗಳ ಹಿಂಡು ಕೂಗುತ್ತ ಹೋಗುವುದನ್ನು ನಾನು ಕೇಳಿದ್ದೇನೆ.’ ಈ ಮಾತನ್ನು ಕಾಲೇಜಿನ ತರಗತಿಗಳಲ್ಲಿ ವರ್ಷಗಟ್ಟಲೆ ಹೇಳಿದ್ದೇನೆ. ಆದರೆ ಕಾಗದದ ಮೇಲೆ ಇಳಿಸಿದ ಕೂಡಲೇ ಅದು ನನ್ನನ್ನೇ ದಿಟ್ಟಿಸಿ ನೋಡತೊಡಗಿತು. ಖರೇನೇ ಕೇಳಿದ್ದೆನೆ?

ನೆನಪಿದ್ದದ್ದು ಇಷ್ಟು. ತೊಗರಿ ರಾಶಿ ಕಾಯಲು ಕಣದಲ್ಲಿ ಮಲಗಿದ್ದೆವು, ನಾನು, ಅಕ್ಕ, ಮತ್ತು ನಾವು ಆಯಿ ಎಂದು ಕರೆಯುತ್ತಿದ್ದ ಅಜ್ಜಿ. ಕೌದಿಯೊಳಗೂ ಚಳಿ. ಆಯಿಯ ದನಿ: “ಕೀಲೆಣ್ಣಿ ಕಾಣದ ಬಂಡಿ ಮ್ಯಾಲ ಹೊಂಟಾವ, ಕೇಳ್ರಿ.” ಎಣ್ಣೆ ಕಾಣದ ಗಾಲಿಯ ಕಿರುಗುಟ್ಟುವಿಕೆಗೂ ಕೆಲವು ಹಕ್ಕಿಗಳ ಕೂಗಿಗೂ ಹೆಚ್ಚು ಫರಕಿಲ್ಲ, ನಿಜ. ತೊಡಕಿರುವುದು ‘ಮ್ಯಾಲ’ದಲ್ಲಿ. ಕಮಲಾಪುರದ ಆ ಕೇರಿಯಲ್ಲಿ ‘ಮ್ಯಾಲ’ ಅಂದರೆ ಆಕಾಶವೂ ಹೌದು, ಎತ್ತರದಲ್ಲಿರುವ ದೊಡ್ಡ ರಸ್ತೆಯೂ ಹೌದು. ತೊಗರಿ ಹೇರಿಕೊಂಡ ಬಂಡಿಗಳು ರಾತ್ರಿಯೇ ಆ ರಸ್ತೆ ಹಿಡಿದು ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಗೆ ಹೊರಡುತ್ತಿದ್ದ ಕಾಲ ಅದು. ಆಯಿ ಬಂಡಿಗೆ ಬಂಡಿ ಅಂದಿದ್ದರೆ, ಇಷ್ಟು ವರ್ಷ ನಾನು ಮಕ್ಕಳಿಗೆ ಹೇಳಿದ್ದು ಶುದ್ಧ ಸುಳ್ಳು. ತಿಂಗಳ ಕೊನೆಗೆ ಟಿಪ್ಪಣಿ ಹೋಗಬೇಕು. ವಾಕ್ಯ ಇರಬೇಕೋ, ಹೊಡೆದುಹಾಕಬೇಕೋ?

ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕಮಲಾಪುರದ ಬಸ್ಸು ಹತ್ತಿದೆ. ಅಕ್ಕನನ್ನು ಸೋದರಮಾವನಿಗೇ ಕೊಟ್ಟಿದ್ದರಿಂದ ಅವಳು ಇಂದಿಗೂ ಆಯಿಯ ಮನೆಯಲ್ಲೇ ಇದ್ದಾಳೆ.

“ಬಕೆಟ್ ಯಾಕ ತಂದೀಯೋ ತಮ್ಮಾ? ನಮ್ಮ ಮನ್ಯಾಗ ಜಳಕಕ್ಕ ಬಕೆಟ್ ಇಲ್ಲಂತ ತಿಳದೀಯೇನು?”

ವಿವರಿಸಿದೆ. ಕೆಂಪು ಬಾಳೆಯ ತೋಟದಿಂದ ಆಗಷ್ಟೇ ಬಂದಿದ್ದ ಮಾಮಾ ಬಕೆಟ್ಟಿನೊಳಗೆ ಬಗ್ಗಿ ನೋಡಿದರು. “ಹಕ್ಕಿ ಬಂದು ಇದರಾಗ ಬೀಳ್ತಾವೇನ್ರೀ ಪ್ರೊಫೆಸರ್?”

“ಹಕ್ಕಿ ಅಲ್ಲ ಮಾಮಾ, ಕೂಗು ಬೀಳ್ತದ.”

“ಹಂಗಾರ ಗಟ್ಟಿ ಮುಚ್ರಿ, ಹಾರಿ ಹೋದೀತು.”

ಮೊದಲ ಬೆಳಿಗ್ಗೆಯೇ ಗೆರೆ ಸಿಕ್ಕಿತು. ನಾಲ್ಕು ಗಂಟೆಯ ಸುಮಾರಿಗೆ, ಉದ್ದನೆಯ ಕಿರುಗುಟ್ಟುವಿಕೆ. ಕುಣಿಯುವುದೊಂದು ಬಾಕಿ. ಅಕ್ಕನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದೆ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

“ಇದು ನಮ್ಮ ಗೇಟ್ ಅದನೋ! ಕರೆಂಟ್ ಬಂತಂತ ನಿಮ್ಮ ಮಾಮಾ ಮೋಟರ್ ಚಾಲೂ ಮಾಡಾಕ ಹೋಗ್ಯಾರ.”

“ನಾನೂ ವಲಸೆ ಹಕ್ಕಿನೇ, ಬರ್ಕೋರಿ ನಿಮ್ಮ ಪಟ್ಟಿಯಾಗ,” ಅಂದರು ಮಾಮಾ.

ಅವತ್ತೇ ಗೇಟಿನ ಕೀಲುಗಳಿಗೆ ಎಣ್ಣೆ ಬಿಟ್ಟೆ. ಎರಡನೇ ರಾತ್ರಿ ಗಾಳಿ ಮತ್ತು ಒಂದು ಗೂಬೆ ಮಾತ್ರ. ಮೂರನೇ ರಾತ್ರಿಯ ಕಡತದಲ್ಲಿ ಎರಡು ಗಂಟೆ ದಾಟಿದ ಮೇಲೆ ಮತ್ತೆ ಕಿರುಗುಟ್ಟುವ ಸದ್ದು. ಈ ಸಲ ನಾನು ಕುಣಿಯಲು ಹೋಗಲಿಲ್ಲ. ನಾಲ್ಕು ಸಲ ಕೇಳಿದೆ. ದೂರದಲ್ಲಿ ಸಣ್ಣಗೆ ಶುರುವಾಗಿ, ಹತ್ತಿರ ಬಂದು, ಹತ್ತಾರು ಗಂಟಲು ಒಟ್ಟಿಗೆ ಕೇಳಿ, ಮತ್ತೆ ದೂರವಾಗಿ ಕರಗುತ್ತಿತ್ತು. ಗೇಟು ಎಷ್ಟೇ ಹಳೆಯದಾದರೂ ಊರು ದಾಟಿ ಹೋಗುವುದಿಲ್ಲ. ಚಳಿಗಾಲಕ್ಕೆ ಬರುವ ಬೂದುಬಣ್ಣದ ಕ್ರೌಂಚಗಳ ಹಿಂಡು.

ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಏನೂ ಹೇಳದೆ ಕೇಳಿಸಿದೆ. ಅವಳ ಕೈ ನಿಂತಿತು.

“ಇದೇ ಬಂಡಿ. ಆಯಿ ಹೇಳಿದ್ದು.”

“ಮ್ಯಾಲ ಅಂದ್ರ ರೋಡಿನ ಮ್ಯಾಲ ಅಂದಿರಬಹುದಲ್ಲ, ಅಕ್ಕಾ?”

“ರೋಡ್ ತೋರ್ಸಾಕ ಯಾರರ ಹಿಂಗ ಬೆರಳು ಎತ್ತತಾರೇನು?” ಹಿಟ್ಟು ಮೆತ್ತಿದ ಬೆರಳನ್ನು ಅವಳು ನೆಟ್ಟಗೆ ಮೇಲಕ್ಕೆತ್ತಿದಳು. “ಆಯಿ ಹಿಂಗ ಚುಕ್ಕಿ ಕಡೆ ತೋರ್ಸಿದ್ಲು.”

“ಬೆರಳು ನನಗ ನೆನಪಿಲ್ಲ.”

“ಹೆಂಗ ಇರ್ತದ? ನೀ ಎಲ್ಲಿ ಎದ್ದಿದ್ದಿ! ನೆಗಡಿ ಬಂದು ಗೊರಕಿ ಹೊಡಿಯಾಕತ್ತಿದ್ದಿ. ಹಕ್ಕಿ ಕೇಳಸಲಿ ಅಂತ ಆಯಿ ನಿನ್ನ ಮೂಗು ಹಿಡಿದ್ಲು, ಆದ್ರೂ ಏಳಲಿಲ್ಲ. ಮುಂಜಾನೆ ನಿನಗ ಹೇಳಿದಾಕಿ ನಾನು. ಸಾಲ್ಯಾಗ ಎಲ್ಲಾರಿಗೂ ‘ನಾ ಕೇಳೀನಿ, ನಾ ಕೇಳೀನಿ’ ಅಂತ ಹೇಳ್ಕೊಂತ ತಿರಗಿದಾಂವ ನೀನು.”

ಅನುಮಾನಿಸಲು ನೋಡಿದೆ. ನನ್ನ ನೆನಪು ಕೆಟ್ಟಿದ್ದರೆ ಅವಳದೂ ಕೆಟ್ಟಿರಬಹುದಲ್ಲ? ಆದರೆ ಅವಳ ನೆನಪಿನಲ್ಲಿ ಆಯಿಯ ಬೆರಳಿತ್ತು, ನನ್ನ ಮೂಗೂ ಇತ್ತು. ನನ್ನದರಲ್ಲಿ ಬರೀ ಮಾತು, ಅದೂ ಅವಳಿಂದ ಬಂದದ್ದು. ಹಕ್ಕಿಗಳು ಖರೇ, ಆಯಿ ಖರೇ. ‘ನಾನು’ ಅನ್ನುವುದೊಂದೇ ಸುಳ್ಳು.

ಅಲ್ಲೇ ಕೂತು ವಾಕ್ಯ ಬದಲಿಸಿದೆ: ‘ಕಮಲಾಪುರದಲ್ಲಿ, ರಾತ್ರಿ ಆಕಾಶದಲ್ಲಿ ಹಕ್ಕಿಗಳ ಹಿಂಡು ಕೂಗುತ್ತ ಹೋಗುವುದನ್ನು ಚಿಕ್ಕಂದಿನಲ್ಲಿ ನನ್ನ ಅಕ್ಕ ಕೇಳಿದ್ದಾಳೆ. ನಾನು ಪಕ್ಕದಲ್ಲೇ ಮಲಗಿದ್ದೆ.’

ಅಕ್ಕ ಕೈ ಒರೆಸಿಕೊಂಡು ಎರಡು ಸಲ ಓದಿದಳು.

“ಮಲಗಿದ್ದೆ ಅಂದ್ರ, ಎಚ್ಚರಿದ್ದು ಮಲಗಿದ್ದಿ ಅಂತ ತಿಳಕೊಂತಾರ ಮಂದಿ. ನಿದ್ದಿ ಮಾಡ್ತಿದ್ದೆ ಅಂತ ಬರಿ.”

ತಿದ್ದಿ ಕಳಿಸಿದೆ.