ಎಣ್ಣೆ ಕುಡಿದ ಗಾಲಿ

ಕಬ್ಬಿಣ ಬಾಗುತ್ತದೆ ಎಂಬುದು ನನಗೆ ಗೊತ್ತಿರದ ಸಂಗತಿಯೇನಲ್ಲ. ಕುಲುಮೆಯಲ್ಲಿ ಕಾಸಿದರೆ ಬಾಗುತ್ತದೆ, ಕಬ್ಬು ಹೇರಿದ ಟ್ರೇಲರ್ ಮಗುಚಿದರೆ ಬಾಗುತ್ತದೆ. ಆದರೆ ನನ್ನ ಮಗಳು ಎರಡು ಬೆರಳಲ್ಲಿ ಬ್ರೇಕ್ ಒತ್ತಿದ್ದಕ್ಕೇ ಸೈಕಲ್ಲಿನ ಚೌಕಟ್ಟು ಬಾಗುವುದನ್ನು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಕಣ್ಣಾರೆ ಕಂಡಾಗ ನನ್ನ ಎದೆ ಧಸಕ್ಕೆಂದಿತು. ಆ ಹುಡುಗಿಯನ್ನು ಇದರ ಮೇಲೆ ಕಾಲೇಜಿಗೆ ಕಳಿಸಲು ಹೊರಟಿದ್ದೆನಲ್ಲ!

ನಮ್ಮ ಊರು ಚಿಕ್ಕೋಡಿ ಮತ್ತು ನಿಪ್ಪಾಣಿಯ ನಡುವೆ ಒಂದು ದಿಬ್ಬದ ಮೇಲಿದೆ. ನಮ್ಮ ಮನೆಯ ಬಾಗಿಲಿನಿಂದ ರಸ್ತೆ ನೆಟ್ಟಗೆ ಕೆಳಗಿಳಿದು, ಪಕ್ಕದವರ ಕಬ್ಬಿನ ಹೊಲದ ಹತ್ತಿರ ತಟ್ಟನೆ ತಿರುಗಿ, ದೊಡ್ಡ ರಸ್ತೆಗೆ ಹೋಗಿ ಬೀಳುತ್ತದೆ. ದೊಡ್ಡ ರಸ್ತೆಯಲ್ಲಿ ಬಸ್ಸು, ತಂಬಾಕಿನ ಲಾರಿ, ಜೋಡಿ ಟ್ರೇಲರಿನ ಟ್ರ್ಯಾಕ್ಟರು ಯಾರಪ್ಪನ ಅಂಜಿಕೆಯೂ ಇಲ್ಲದೆ ಓಡುತ್ತಿರುತ್ತವೆ. ಮಗಳಿಗೆ ನಿಪ್ಪಾಣಿಯ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಬೆಳಗಿನ ಬಸ್ಸು ನಮ್ಮೂರಿಗೆ ಬರುವಷ್ಟರಲ್ಲಿ ಬಾಗಿಲಲ್ಲೂ ಜನ ಜೋತುಬಿದ್ದಿರುತ್ತಾರೆ. ಎಷ್ಟೋ ದಿನ ನಿಲ್ಲಿಸುವುದೇ ಇಲ್ಲ. ಅದಕ್ಕೆ ರಾಯಬಾಗದ ಪರಿಚಯದವರೊಬ್ಬರಿಂದ ದಪ್ಪ ಟೈರಿನ, ಗೇರಿನ ಹಳೆಯ ಸೈಕಲ್ಲೊಂದನ್ನು ತಂದಿದ್ದೆ. ಗುಡ್ಡಗಾಡಿನಲ್ಲಿ ಓಡಿಸಲೆಂದೇ ಮಾಡಿದ್ದು. ಮಗಳಂತೂ ಅದನ್ನು ಕಂಡು ಹಿರಿಹಿರಿ ಹಿಗ್ಗಿದಳು.

ನನ್ನ ಹೆಂಡತಿ ಹಿಗ್ಗಲಿಲ್ಲ. ಸೊಂಟಕ್ಕೆ ಕೈಯಿಟ್ಟು ನಿಂತು ತೀರ್ಪು ಕೊಟ್ಟಳು. "ಆ ಕಬ್ಬಿನ ತಿರುವಿನ್ಯಾಗ ಈ ಸೈಕಲ್ ನಿಂದರಬೇಕ ನೋಡ್ರಿ. ನಿಂದರಲಿಲ್ಲಂದ್ರ ಸೈಕಲ್ಲೂ ಇಲ್ಲ, ಏನೂ ಇಲ್ಲ. ಬಸ್ಸಿನ್ಯಾಗ ಜೋತಾಡಕೋಂತ ಹೋಗ್ಲಿ, ಇಲ್ಲಂದ್ರ ಮನ್ಯಾಗ ಇರ್ಲಿ."

ಮನ್ಯಾಗ ಇರ್ಲಿ ಎಂಬ ಮಾತಿಗೆ ಮಗಳ ಮುಖ ಬಾಡಿತು. ನನಗೆ ರೇಗಿತು. ನಿಲ್ಲದೆ ಏನು ಮಾಡೀತು, ಬ್ರೇಕ್ ಇರುವುದು ಏತಕ್ಕೆ ಎಂದು ಧಿಮಾಕಿನಿಂದ ನಾನೇ ಏರಿ ಹೊರಟೆ. ಇಳಿಜಾರಿನ ಅರ್ಧದಲ್ಲಿ ಬ್ರೇಕ್ ಒತ್ತಿದೆ. ಹಿಡಿಕೆ ಬಂದು ಹ್ಯಾಂಡಲ್ಲಿಗೇ ತಾಗಿತು. ಸೈಕಲ್ಲು ಮಾತ್ರ ತನ್ನ ಪಾಡಿಗೆ ಹೋಗುತ್ತಿತ್ತು. ಚಪ್ಪಲಿಯನ್ನು ರಸ್ತೆಗೆ ಉಜ್ಜುತ್ತ, ಹೇಗೋ ತಿರುವು ದಾಟಿ, ದೊಡ್ಡ ರಸ್ತೆಯ ಅಂಚಿಗೆ ನಿಂತಾಗ ನನ್ನ ಮೂಗಿನ ಮುಂದೆಯೇ ಒಂದು ಲಾರಿ ಹಾದುಹೋಯಿತು. ಧಿಮಾಕೆಲ್ಲ ಅಲ್ಲಿಗೇ ಇಳಿಯಿತು. ಸೈಕಲ್ ತಳ್ಳಿಕೊಂಡು ಮನೆಗೆ ಬಂದೆ. ಹೆಂಡತಿ ನನ್ನ ಚಪ್ಪಲಿಯನ್ನೊಮ್ಮೆ ನೋಡಿ ಒಳಗೆ ಹೋದಳು.

ಹೊಸ ವೈರು ಹಾಕಿಸಿದೆ, ಹೊಸ ರಬ್ಬರು ಹಾಕಿಸಿದೆ. ಹೂಂ, ಅಷ್ಟಕ್ಕಷ್ಟೇ. ಆಮೇಲೆಯೇ ಮಗಳಿಗೆ ಬ್ರೇಕ್ ಒತ್ತಲು ಹೇಳಿ ಹಿಂದೆ ಕೂತು ನೋಡಿದ್ದು. ಹಿಂದಿನ ಗಾಲಿಯ ಎರಡೂ ಬದಿಗೆ ಸೀಟಿನಿಂದ ಇಳಿದು ಬರುವ ಎರಡು ಕೊಳವೆಗಳಿವೆ. ಬ್ರೇಕಿನ ಎರಡು ತೋಳುಗಳು ಕೂತಿರುವುದು ಅವುಗಳ ಮೇಲೆಯೇ. ತೋಳುಗಳು ಗಾಲಿಯ ರಿಮ್ಮನ್ನು ಎರಡೂ ಕಡೆಯಿಂದ ಅಮುಕಿದಾಗ, ರಿಮ್ಮೂ ಅಷ್ಟೇ ಬಲದಿಂದ ಅವನ್ನು ಹೊರಕ್ಕೆ ನೂಕುತ್ತದೆ. ಆ ನೂಕಿಗೆ ಕೊಳವೆಗಳೇ ಅಗಲವಾಗುತ್ತಿದ್ದವು. ಮಗಳ ಬೆರಳಿನ ಬಲವೆಲ್ಲ ಚೌಕಟ್ಟನ್ನು ಅಗಲಿಸುವುದಕ್ಕೇ ಖರ್ಚಾಗುತ್ತಿತ್ತು, ರಿಮ್ಮನ್ನು ಹಿಡಿಯಲು ಏನೂ ಉಳಿಯುತ್ತಿರಲಿಲ್ಲ. "ಬಿಡು. ಮತ್ತ ಒತ್ತು. ಬಿಡು," ಎಂದು ಹೇಳುತ್ತ ಹೇಳುತ್ತ ನಾನು ಬಾಯಿ ತೆರೆದೇ ಕೂತಿದ್ದೆ.

ಇದಕ್ಕೊಂದು ಮದ್ದಿದೆ ಎಂದು ಮೊಬೈಲಿನಲ್ಲಿ ಹುಡುಕಿದವಳು ಮಗಳೇ. ಕುದುರೆಲಾಳದ ಆಕಾರದ ಒಂದು ದಪ್ಪ ಪಟ್ಟಿಯನ್ನು ಗಾಲಿಯ ಮೇಲಿನಿಂದ ಕಮಾನಿನಂತೆ ಹಾಯಿಸಿ, ಎರಡು ತೋಳುಗಳ ಬೋಲ್ಟಿಗೂ ಬಿಗಿದುಬಿಡುವುದು. ಆಗ ಕೊಳವೆಗಳು ಹೊರಗೆ ಸರಿಯಬೇಕೆಂದರೂ ಕಮಾನು ಬಿಡುವುದಿಲ್ಲ. ಚಿಕ್ಕೋಡಿಯಲ್ಲಿ ಕಬ್ಬಿನ ಟ್ರೇಲರ್ ರಿಪೇರಿ ಮಾಡುವ ಅಂಗಡಿಯಲ್ಲಿ ದಪ್ಪ ಅಲ್ಯುಮಿನಿಯಂ ತಗಡು ಕತ್ತರಿಸಿ ಅಂಥ ಎರಡು ಕಮಾನು ಮಾಡಿಸಿದೆ, ಹಿಂದಕ್ಕೊಂದು, ಮುಂದಕ್ಕೊಂದು. ವೈರಿನ ಮೆತ್ತನೆಯ ಹೊದಿಕೆ ತೆಗೆಸಿ ಗಟ್ಟಿಯದು ಹಾಕಿಸಿದೆ. ರಿಮ್ಮಿನ ಮೇಲೆ ಹಳೆಯ ರಬ್ಬರು ಮೆತ್ತಿಕೊಂಡು ಗಾಜಿನಂತೆ ನುಣುಪಾಗಿತ್ತು. ಅದನ್ನು ಸ್ಪಿರಿಟ್ಟಿನಿಂದ ಒರೆಸಿ, ಸಣ್ಣ ಮರಳುಕಾಗದದಿಂದ ಹದವಾಗಿ ಉಜ್ಜಿ, ಮಿಂಚೆಲ್ಲ ಹೋಗಿ ಮಂಕಾಗುವ ತನಕ ಬಿಡಲಿಲ್ಲ.

ಆಮೇಲೆ ಅಂಗಳದಲ್ಲೇ ಒಂದು ಸುತ್ತು ಹೊಡೆದು ಮೊದಲಿನ ರೂಢಿಯಂತೆ ಬಲವಾಗಿ ಒತ್ತಿದೆ. ಸೈಕಲ್ಲು ಇದ್ದಲ್ಲೇ ನಿಂತಿತು, ನಾನು ಹ್ಯಾಂಡಲ್ಲಿನ ಮೇಲೆ ಮುಗ್ಗರಿಸಿ ತುಳಸಿಕಟ್ಟೆಗೆ ಕೈ ಊರಿದೆ. ಎರಡು ತುಣುಕು ತಗಡಿಗೆ ಇಷ್ಟು ತಾಕತ್ತೇ! ಮರುದಿನ ಹೆಂಡತಿ ಸ್ವತಃ ಕಬ್ಬಿನ ತಿರುವಿನಲ್ಲಿ ಹೋಗಿ ನಿಂತಳು. ಮಗಳು ಮೇಲಿನಿಂದ ಬಂದು ಅವಳ ಮುಂದೆ ಗಕ್ಕನೆ ನಿಲ್ಲಿಸಿದಳು. "ಹೂಂ, ಹೋಗ್ಲಿ," ಎಂದಳು ಹೆಂಡತಿ. ಅವಳ ಬಾಯಲ್ಲಿ ಅದು ದೊಡ್ಡ ಮಾತೇ.

ಮಗಳು ಕಾಲೇಜಿಗೆ ಹೋಗತೊಡಗಿದಳು. ನಾನು ಕಮಾನಿನ ಕಥೆ, ಉಜ್ಜಿ ಒಣಗಿಸಿದ ರಿಮ್ಮಿನ ಕಥೆ ಊರೂರಿಗೆ ಹೇಳತೊಡಗಿದೆ. ಡೇರಿಗೆ ಹಾಲು ಹಾಕಲು ಬಂದವರಿಗೆ ಹೇಳಿದೆ, ಅಥಣಿಯ ಕಡೆ ದ್ರಾಕ್ಷಿ ಬೆಳೆಯುವ ಭಾವಮೈದುನನಿಗೆ ಅವನ ಬಳ್ಳಿಯ ತಂತಿ ತೋರಿಸಿ ಹೇಳಿದೆ, ಕಾಗವಾಡದ ಮದುವೆಯೊಂದರಲ್ಲಿ ಪಂಕ್ತಿಗೆ ಕೂತು ಹಪ್ಪಳ ಬಗ್ಗಿಸಿ ಹೇಳಿದೆ. "ಯಾರರೆ ಸತ್ತ ಮನಿಗೆ ಹೋದ್ರೂ ಇದನ್ನ ಹೇಳ್ತೀರೇನ್ರಿ?" ಎಂದು ಹೆಂಡತಿ ಛೇಡಿಸಿದಳು. ಅನ್ನಲಿ ಬಿಡು ಎಂದುಕೊಂಡೆ. ಮಗಳು ಹೊರಟಾಗ ಬಾಗಿಲಲ್ಲಿ ನಿಂತು, ಅವಳು ತಿರುವಿನಲ್ಲಿ ನಿಧಾನವಾಗುವುದನ್ನು ನೋಡಿಯೇ ನಾನು ಚಹಾ ಕುಡಿಯುತ್ತಿದ್ದುದು.

ದಸರೆ ಬಂತು. ಖಂಡೆ ಪೂಜೆಯ ದಿನ ನಮ್ಮಲ್ಲಿ ಕುಡುಗೋಲು, ಕೊಡಲಿ, ನೇಗಿಲು, ಪಂಪು, ಟ್ರ್ಯಾಕ್ಟರು ಎಲ್ಲವನ್ನೂ ತೊಳೆದು ಪೂಜೆಗೆ ಇಡುತ್ತೇವೆ. ನಾನು ಬಾವಿಯ ಹತ್ತಿರ ಟ್ರ್ಯಾಕ್ಟರ್ ತೊಳೆಯುತ್ತಿದ್ದೆ. ಮನೆಯೊಳಗಿನ ಪೂಜೆ ಎಂದಿನಂತೆ ನನ್ನ ಅವ್ವನದು. ನಾನು ಬರುವಷ್ಟರಲ್ಲಿ ಸೈಕಲ್ಲಿಗೂ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಮುಂದೆ ಕಾಯಿ ಒಡೆದಾಗಿತ್ತು. ಪೂಜೆಗೆ ಇಟ್ಟ ಆಯುಧವನ್ನು ಆ ದಿನ ಮುಟ್ಟುವುದಿಲ್ಲ, ಮರುದಿನ ಬನ್ನಿ ಕೊಡುವ ಹೊತ್ತಿಗೇ ಎತ್ತುವುದು. ಆದ್ದರಿಂದ ಯಾರೂ ಅದನ್ನು ಮುಟ್ಟಲಿಲ್ಲ. ಕೈಮುಗಿದೆವು, ಹೋಳಿಗೆ ಉಂಡೆವು.

ಮರುದಿನ ಸಂಜೆ ಬನ್ನಿ ಎಲೆ ಹಂಚುವ ಹೊತ್ತು. "ಬನ್ನಿ ತಗೊಂಡು ಬಂಗಾರದಂಗ ಇರೂನು," ಎಂದು ಮಗಳು ಎಲ್ಲರ ಕೈಗೂ ಎಲೆ ಇಟ್ಟು, ಕಾಲು ಮುಟ್ಟಿ ನಮಸ್ಕರಿಸಿ, ಹತ್ತಿರದ ಭೋಜ ಎಂಬ ಊರಿನಲ್ಲಿರುವ ನನ್ನ ಅಕ್ಕನಿಗೂ ಕೊಟ್ಟು ಬರುತ್ತೇನೆಂದು ಸೈಕಲ್ ಏರಿದಳು. ನಾನು ಎಂದಿನಂತೆ ಬಾಗಿಲಲ್ಲಿ ನಿಂತೆ.

ಅವಳು ನಿಧಾನವಾಗಲಿಲ್ಲ.

ನಿಧಾನವಾಗಬೇಕಾದ ಜಾಗ ದಾಟಿತು. ಸೈಕಲ್ಲಿನ ಓಟ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಅವಳ ಒಂದು ಕಾಲು ನೆಲಕ್ಕೆ ಚಾಚಿ ಜಿಗಿಯಿತು, ಮತ್ತೆ ಚಾಚಿತು. ಒಂದು ಕೂಗು ಕೇಳಿತು. ಆಮೇಲೆ ಕಬ್ಬಿನ ಮರೆಯಲ್ಲಿ ಅವಳು ಕಾಣದಾದಳು. ಅದೇ ಕ್ಷಣಕ್ಕೆ ದೊಡ್ಡ ರಸ್ತೆಯಿಂದ ಲಾರಿಯೊಂದರ ಹಾರ್ನು ಉದ್ದಕ್ಕೆ ಕೂಗಿತು. ಬರಿಗಾಲಲ್ಲೇ ಓಡಿದೆ. ಓಡುತ್ತಿದ್ದೇನೆಂಬುದೂ ಗೊತ್ತಿರಲಿಲ್ಲ, ಆ ಹಾರ್ನು ಯಾಕೆ ನಿಂತಿತು ಎಂಬುದೊಂದೇ ತಲೆಯಲ್ಲಿತ್ತು.

ಲಾರಿ ಹೋಗಿಬಿಟ್ಟಿತ್ತು. ರಸ್ತೆಯ ಮೇಲೆ ಏನೂ ಇರಲಿಲ್ಲ. ತಿರುವಿನಲ್ಲಿ ಕಬ್ಬು ಮುರಿದು ಒಳಗೆ ದಾರಿಯಾಗಿತ್ತು, ಆ ದಾರಿಯ ಕೊನೆಯಲ್ಲಿ ಮಗಳು ಕೂತಿದ್ದಳು. ಕಬ್ಬಿನ ಗರಿ ಮುಖ, ತೋಳು ಎಲ್ಲ ಗೀರಿ ರಕ್ತ ಜಿನುಗುತ್ತಿತ್ತು. ಮುರಿದದ್ದು ಏನೂ ಇರಲಿಲ್ಲ. ದೊಡ್ಡ ರಸ್ತೆಗೆ ಹೋಗುವ ಬದಲು ತಾನೇ ಹ್ಯಾಂಡಲ್ ಹೊರಳಿಸಿ ಕಬ್ಬಿಗೆ ನುಗ್ಗಿಸಿದ್ದಳು. ನಾನು ಅವಳನ್ನು ಅಪ್ಪಿಕೊಂಡು ಗಳಗಳ ಅತ್ತೆ. ಅವಳು ಅಳಲಿಲ್ಲ. ಕಣ್ಣು ಅರಳಿಸಿ ನನ್ನನ್ನೇ ನೋಡುತ್ತ, "ಹಿಡೀಲಿಲ್ಲಪ್ಪಾ. ಜೀವ ಹೋಗೂವಂಗ ಒತ್ತಿದೆ. ಹಿಡೀಲೇ ಇಲ್ಲ," ಎಂದಳು.

ನಾನು ಕಮಾನು ಅಲುಗಿಸಿ ನೋಡಿದೆ. ಗಟ್ಟಿಯಾಗಿಯೇ ಇತ್ತು. ವೈರು ಸರಿ, ರಬ್ಬರು ಸರಿ. ರಿಮ್ಮಿಗೆ ಬೆರಳಿಟ್ಟೆ. ಬೆರಳು ಜಾರಿತು. ಮೂಗಿಗೆ ಹಿಡಿದೆ, ಶೇಂಗಾ ಎಣ್ಣೆ. ಮಂಕಾಗಿರಬೇಕಾದ ರಿಮ್ಮು ಕನ್ನಡಿಯಂತೆ ಫಳಫಳ ಹೊಳೆಯುತ್ತಿತ್ತು. ತೊಳೆದ ಕಬ್ಬಿಣ ಬರಿದಾಗಿರಬಾರದು, ಅದಕ್ಕೆ ಎಣ್ಣೆ ಕುಡಿಸಬೇಕು ಎಂಬುದು ನಮ್ಮ ಮನೆಯ ಕ್ರಮ. ಕುಡುಗೋಲಿಗೂ ಕೊಡಲಿಗೂ ಅವ್ವ ಪ್ರತಿ ವರ್ಷ ಕುಡಿಸುತ್ತಾಳೆ. ಈ ಸಲ ಗಾಲಿಗೂ ಕುಡಿಸಿದ್ದಳು. ನಾನು ಅಲ್ಲೇ ಕಬ್ಬಿನ ಸಾಲಿನಲ್ಲಿ ಕೂತುಬಿಟ್ಟೆ. ಮಗಳೂ ಬೆರಳು ಮುಟ್ಟಿಸಿ ಮೂಸಿದಳು.

"ಆಯಿಗೆ ಹೇಳಬ್ಯಾಡಪ್ಪಾ," ಎಂದಳು. ಅಜ್ಜಿಯನ್ನು ಅವಳು ಕರೆಯುವುದು ಹಾಗೆ. "ಗೊತ್ತಾತಂದ್ರ ಆಕಿ ಊಟಾ ಬಿಡತಾಳ. ನಾನ ನೋಡ್ಲಾರದ ಹೊಡದೆ ಅಂತೀನಿ."

"ಹಂಗಂದ್ರ ನಿಮ್ಮವ್ವ ಸೈಕಲ್ ಬಿಡಸ್ತಾಳ."

"ಬಿಡಸ್ಲಿ," ಎಂದಳು. ಅವಳ ತುಟಿ ಅದುರಿದ್ದು ಆಗಲೇ. ಸೈಕಲ್ ಹೋದರೆ ಕಾಲೇಜು ಏನಾಗುತ್ತದೆಂದು ಅವಳಿಗೆ ಗೊತ್ತಿಲ್ಲವೆಂದಲ್ಲ.

ಮನೆಯಲ್ಲಿ ಹೆಂಡತಿ ಗೀರುಗಳಿಗೆ ಅರಿಶಿನ ಹಚ್ಚುತ್ತ ನನ್ನನ್ನು ಬಾಯಿಗೆ ಬಂದಂತೆ ಬೈದಳು. ಕಮಾನು, ತಗಡು, ನನ್ನ ಜಾಣತನ ಯಾವುದನ್ನೂ ಬಿಡಲಿಲ್ಲ. "ನಾಳಿಂದ ಸೈಕಲ್ ಮುಟ್ಟಿದ್ರ ನೋಡು," ಎಂದು ಮಗಳಿಗೂ ಹೇಳಿದಳು. "ನಾನ ನೋಡ್ಲಾರದ ಹೊಡದೆ," ಎಂದು ಮಗಳು ತಲೆ ತಗ್ಗಿಸಿದಳು. ಆ ಸುಳ್ಳಿಗೆ ನಾನೂ ತಲೆಯಾಡಿಸಿದೆ.

ಆಗ ಅವ್ವ ಬಾಯಿ ತೆರೆದಳು. ಮೊಮ್ಮಗಳನ್ನು ತೊಡೆಗೆ ಒರಗಿಸಿಕೊಂಡು ಸೊಸೆಗೇ ಗದರಿದಳು. "ಸೈಕಲ್ ಯಾಕ ಬಿಡಸ್ತಿ ಕೂಸಿಗೆ? ನಾ ಪೂಜಾ ಮಾಡಿ ಎಣ್ಣಿ ಕುಡಿಸಿದ್ದಕ್ಕ ಇವತ್ತ ಇದು ಉಳದ ಬಂದೈತಿ. ಎಲ್ಲಾ ಕಬ್ಬಣ ಮಿಂಚತಿತ್ತು, ಆ ಗಾಲಿ ಅಂಚೊಂದ ಒಣಗಿ ಬೂದಿ ಆಗಿತ್ತು ಬೇ. ನೋಡಿ ಕರುಳ ಚುರ್ ಅಂತು. ಎರಡ ಸರ್ತಿ ಹಚ್ಚೀನಿ. ಇನ್ನ ಮ್ಯಾಲೆ ಪ್ರತಿ ಅಮಾಸಿಗೂ ನಾನ ಹಚ್ಚತೀನಿ. ಹುಡುಗಿ ಹೋಗ್ಲಿ, ಸಾಲಿ ಕಲೀಲಿ."

ಪ್ರತಿ ಅಮಾವಾಸ್ಯೆಗೆ! ಮಗಳು ತಲೆ ಎತ್ತಿ ನನ್ನನ್ನು ನೋಡಿದಳು. ಕಬ್ಬಿನಲ್ಲಿ ಮಾಡಿಕೊಂಡ ಒಪ್ಪಂದ ಇನ್ನು ನಡೆಯುವ ಹಾಗಿರಲಿಲ್ಲ. ಅವಳು ಎದ್ದು, ಕುಂಟುತ್ತ ಹೋಗಿ ಸೈಕಲ್ ತಂದು ಅಜ್ಜಿಯ ಮುಂದೆ ನಿಲ್ಲಿಸಿದಳು. "ಆಯಿ, ಇಲ್ಲಿ ಬಾ. ಇದನ್ನ ಒತ್ತಿ ಹಿಡಿ."

ಅವ್ವ ಎದ್ದು ಬಂದು ಬ್ರೇಕಿನ ಹಿಡಿಕೆ ಒತ್ತಿದಳು. ಹಾಲು ಕರೆದು ಗಟ್ಟಿಯಾದ ಕೈ ಅದು, ಈಗಲೂ ನನಗಿಂತ ಜೋರು. ಮಗಳು ಮುಂದಿನ ಗಾಲಿಯನ್ನು ಎತ್ತಿ ಅಂಗೈಯಿಂದ ಸುಮ್ಮನೆ ತಳ್ಳಿದಳು. ಗಾಲಿ ಸದ್ದಿಲ್ಲದೆ ಸರಿಯಿತು.

"ಒತ್ತೀಯೇನ ಆಯಿ?"

"ಒತ್ತೀನಲ್ಲ!"

ಅವ್ವ ಎರಡೂ ಕೈ ಹಾಕಿದಳು. ಹಲ್ಲು ಕಚ್ಚಿ, ಕುತ್ತಿಗೆಯ ನರ ಉಬ್ಬುವಂತೆ ಒತ್ತಿದಳು. ಮಗಳು ಮತ್ತೆ ತಳ್ಳಿದಳು. ಗಾಲಿ ಬೆಣ್ಣೆಯಲ್ಲಿ ಬೆರಳಾಡಿದ ಹಾಗೆ ತಿರುಗಿತು. ಹೆಂಡತಿ ಬಾಗಿಲಲ್ಲಿ ಬಾಯಿಗೆ ಕೈ ಇಟ್ಟು ನಿಂತಳು. "ಎಣ್ಣಿ ಇದ್ರ ಜಾರತೈತಿ ಆಯಿ," ಎಂದಳು ಮಗಳು, ಎಷ್ಟು ಮೆಲ್ಲಗೆ ಸಾಧ್ಯವೋ ಅಷ್ಟು ಮೆಲ್ಲಗೆ. "ಒಣಗಿದ್ರನ ಹಿಡಿತೈತಿ."

ಅವ್ವ ಗಾಲಿಯನ್ನು ನೋಡಿದಳು. ಮೊಮ್ಮಗಳ ಮುಖದ ಗೀರುಗಳನ್ನು ನೋಡಿದಳು. ಅವಳು ಅಳುತ್ತಾಳೆ, ಕುಸಿಯುತ್ತಾಳೆ ಎಂದು ನಾನು ಹತ್ತಿರ ಹೋದೆ. ಅವಳು ನನ್ನ ಕಡೆ ತಿರುಗಿದಳು. ಆ ಕಣ್ಣುಗಳನ್ನು ನಾನು ಅಷ್ಟು ದೊಡ್ಡದಾಗಿ ಎಂದೂ ಕಂಡಿರಲಿಲ್ಲ.

"ಅಥಣಿ ಮಂದಿಗೆ ಹೇಳಿದಿ. ಕಾಗವಾಡದ ಮದುವ್ಯಾಗ ಹೇಳಿದಿ. ಡೇರಿಗೆ ಬಂದಾವ್ರಿಗೆಲ್ಲಾ ಹೇಳಿದಿ. ಮನ್ಯಾಗ ಕುಂತ ಮುದುಕಿಗೆ ಒಂದ ಮಾತ ಹೇಳಾಕ ಬಾಯಿ ಬರಲಿಲ್ಲೇನಲೇ ನಿನಗ?"

ಹೆಂಡತಿ ಒಳಗೆ ಹೋಗಿ ಸ್ಪಿರಿಟ್ಟಿನ ಬಾಟಲಿಯನ್ನೂ ಹಳೆಯ ಬಟ್ಟೆಯನ್ನೂ ತಂದಿಟ್ಟಳು. ಮಗಳು ಒರೆಸಲು ಕೂತಳು. ಅವ್ವ ಮಾತ್ರ ಹಿಡಿಕೆ ಬಿಟ್ಟಿರಲಿಲ್ಲ. ಗಾಲಿ ಎಂದೋ ನಿಂತಿದ್ದರೂ ಎರಡೂ ಕೈಯಿಂದ ಒತ್ತಿ ಹಿಡಿದೇ ಇದ್ದಳು. "ಬಿಡ ಅವ್ವಾ," ಎಂದೆ. ಕೇಳಿಸಲಿಲ್ಲ. ಕಡೆಗೆ ಮಗಳೇ ಎದ್ದು ಬಂದು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.