ಸವಳು ನೆಲದಲ್ಲಿ ರಾಜಹಂಸಗಳ ನೀರು ಕಾಯುವ ಜಿನಮತಿ

ಕಬ್ಬಿನ ಗದ್ದೆಗಳ ಮೇಲಿನ ಮಂಜು ಇನ್ನೂ ಕರಗಿಲ್ಲ. ಇಚಲಕರಂಜಿ ಹತ್ತಿರದ ನಾಂದಣಿಯಾಚೆ, ಉಪ್ಪೆದ್ದ ಸವಳು ನೆಲದಲ್ಲಿ ಜಿನಮತಿ ಸೀರೆ ಎತ್ತಿ ಕಟ್ಟಿ ಬಸಿಗಾಲುವೆಯ ಬಾಯಿಗೆ ಇಳಿಯುತ್ತಾರೆ. ಅಲ್ಲಿ ನೀರಿಗೆ ಅಡ್ಡವಾಗಿ ಮರದ ಹಲಗೆಗಳಿವೆ. ಒಂದನ್ನು ಎತ್ತಿ, ಸ್ವಲ್ಪ ನೀರು ಬಿಟ್ಟು, ಪಕ್ಕದಲ್ಲಿ ನೆಟ್ಟ ಕೋಲನ್ನು ನೋಡುತ್ತಾರೆ. ಕೋಲಿಗೆ ಎರಡು ದಾರ: ಮೇಲೆ ಕೆಂಪು, ಕೆಳಗೆ ಬಿಳಿ. ನೀರು ಎರಡರ ನಡುವೆ ಬಂದು ನಿಂತ ಮೇಲೆ ಹಲಗೆ ಮತ್ತೆ ತನ್ನ ಜಾಗಕ್ಕೆ ಹೋಗುತ್ತದೆ.

"ಕೆಂಪ ದಾರ ದಾಟಿದ್ರ ಮ್ಯಾಲಿನ ಹೊಲದ ಜಿನಗೊಂಡನ ಕಬ್ಬಿನ ಬೇರು ಕೊಳೀತಾವ. ಬಿಳಿ ದಾರದ ಕೆಳಗ ಇಳದ್ರ ಹಕ್ಕಿ ಉಪಾಸ ಬೀಳ್ತಾವ. ಇಬ್ಬರ ನಡುವ ನಾ ಸಿಕ್ಕೇನ್ರಿ," ಎಂದು ನಗುತ್ತಾರೆ.

ಹಕ್ಕಿಗಳೆಂದರೆ ಅಲ್ಲಿ, ನೀರಿನ ನಡುವೆ ಒಂಟಿಕಾಲಲ್ಲಿ ನಿಂತಿರುವ ರಾಜಹಂಸಗಳು. ಅತಿಯಾದರೆ ಅಮೃತವೂ ವಿಷ ಎಂಬುದನ್ನು ಈ ನೆಲಕ್ಕೆ ಯಾರೂ ಕಲಿಸಬೇಕಿಲ್ಲ. ಕಬ್ಬಿಗೆ ಕುಡಿಸಿದ ನೀರು ಹೆಚ್ಚಾಗಿ ಉಪ್ಪು ಮೇಲೆದ್ದಿತು, ಜಿನಮತಿಯ ಹೊಲವೂ ಜಿನಗೊಂಡನ ತಗ್ಗಿನ ಹೊಲವೂ ಸುಣ್ಣ ಬಳಿದಂತಾದವು. ಹುಲ್ಲೂ ಹುಟ್ಟದ ಅಲ್ಲಿ ಮಳೆನೀರು ನಿಂತಿತು. ಉಪ್ಪುನೀರಿನಲ್ಲಿ ಪಾಚಿ, ಸಣ್ಣ ಹುಳು ಬೆಳೆದವು. ಅವನ್ನು ಹುಡುಕಿಕೊಂಡು ಹಕ್ಕಿಗಳು ಬಂದವು.

ಗಂಡ ತೀರಿದ ಮೇಲೆ ಕಾಲುವೆ ಕಾಯುವ ಕೆಲಸ ಜಿನಮತಿಗೆ ಬಂತು. ಹೆಂಗಸು ಹಲಗೆ ಎತ್ತುತ್ತಾಳೆಯೇ ಎಂದು ಮೂಗು ಮುರಿದವರಿದ್ದರು. ದಿನಕ್ಕೆರಡು ಸಲ ಹಲಗೆ, ಎರಡು ಎಮ್ಮೆಗಳ ಹಾಲು, ನಡುವೆ ಕಬ್ಬಿನ ಕಳೆ. ಉಪ್ಪಿಗೆ ಸೀಳಿದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ. ಹೀಗೆ ದಿನ ಸಾಗುತ್ತದೆ.

ಹಕ್ಕಿಗಳ ಪರಿಚಯ ಮಾಡಿಸಿದವರು ಇಚಲಕರಂಜಿಯ ಶಾಲೆಯಲ್ಲಿ ವಿಜ್ಞಾನ ಕಲಿಸುವ, ಗಡಹಿಂಗ್ಲಜ ಕಡೆಯ ನೇತ್ರಾ. ರಾಜಹಂಸಗಳಲ್ಲಿ ಆರು ಜಾತಿ. ನಾಲ್ಕು ದೂರದ ಅಮೆರಿಕ ಖಂಡಗಳಲ್ಲಿ, ಕೆಲವಂತೂ ಎತ್ತರದ ಪರ್ವತಗಳ ಉಪ್ಪುಕೆರೆಗಳಲ್ಲಿ. ನಮ್ಮ ದೇಶದಲ್ಲಿ ಕಾಣುವುದು ಎರಡೇ. ದೊಡ್ಡದು ಎತ್ತರ, ಹೆಚ್ಚು ಬಿಳುಪು, ಗುಲಾಬಿ ಕೊಕ್ಕಿಗೆ ಕಪ್ಪು ತುದಿ. ಕೆಸರು ಕಲಕಿ ಹುಳು ಹಿಡಿಯುತ್ತದೆ. ಚಿಕ್ಕದು ಕಡುಗುಲಾಬಿ, ಕೊಕ್ಕು ಕರಿಗೆಂಪು; ನೀರಿನ ಮೇಲ್ಪದರದ ಪಾಚಿ ಸೋಸುತ್ತದೆ. ಮೈಬಣ್ಣ ಬರುವುದೂ ಆ ಊಟದಿಂದಲೇ.

"ತಲಿ ಕೆಳಗ ಮಾಡಿ ಕೊಕ್ಕಿನ್ಯಾಗ ನೀರು ಸೋಸ್ತಾವ. ನಮ್ಮ ಜೈನರ ಮನಿಯಾಗೂ ನೀರು ಸೋಸೇ ಕುಡೀತೀವಿ. ಆದ್ರ ನಾವು ಹುಳ ಉಳಸಾಕ ಸೋಸ್ತೀವಿ, ಇವು ಹುಳ ತಿನ್ನಾಕ!" ಜಿನಮತಿಗೆ ಈ ಮಾತು ಎಷ್ಟು ಸಲ ಹೇಳಿದರೂ ಸಾಲದು.

ಹೋದ ವರ್ಷ ನಡೆದದ್ದು ಮಾತ್ರ ನಗುವ ಸಂಗತಿಯಲ್ಲ. ದೂರದಿಂದ ಬಂದ ಜೀವಗಳು ಹಸಿದಿರಬಾರದೆಂದು ಜಿನಮತಿಯೇ ಮೊದಲು ಮೊರದ ತುಂಬ ಜೋಳ ತಂದು ನೀರಿಗೆ ಸುರಿದರು. ದಯೆಯಲ್ಲಿ ಹಿಂದೆ ಬೀಳುವವರು ಯಾರು? ಮನೆಮನೆಯಿಂದ ಜೋಳ, ಗೋಧಿ ಬಂತು. ಕಾಳು ಕೊಳೆತು ನೀರು ನಾರಿತು. ಜನರ ಗದ್ದಲ ಹೆಚ್ಚಿತು, ನಾಯಿಗಳು ಸೇರಿದವು.

"ಒಂದಿನ ಮುಂಜಾನಿ ಬಂದು ನೋಡ್ತೀನಿ, ಖಾಲಿ! 'ಅರೆ ದೇವಾ, ಸಗಳೇ ಗೇಲೆ', ಎಲ್ಲಾ ಹೋದ್ವಲ್ಲ ಅಂತ ದಂಡಿ ಮ್ಯಾಲ ಕುಂತು ಅತ್ತೆ. ಪುಣ್ಯಾ ಮಾಡಾಕ ಹೋಗಿ ನಾನ ಓಡಿಸಿದ್ನಲ್ಲ."

ಊರ ಸಭೆಯಲ್ಲಿ ಜಿನಗೊಂಡ ಎದ್ದುನಿಂತ. ಸಂಕ್ರಾಂತಿಯೊಳಗೆ ಹಕ್ಕಿ ಬರದಿದ್ದರೆ ಹಲಗೆ ಕಿತ್ತು, ನೀರು ಬಸಿದು, ಮತ್ತೆ ಕಬ್ಬು ಹಚ್ಚುವುದೆಂದು ಮಾತಾಯಿತು. ತಪ್ಪೇನೂ ಅಲ್ಲ, ನೆಲ ಅವನದೂ ಹೌದು. ಜಿನಮತಿಯ ಹೊಲಕ್ಕೂ ಅದರಿಂದ ಲಾಭವೇ ಇತ್ತು. ಆದರೂ ಅವರು ಕೈಮುಗಿದು ಒಂದನ್ನು ಕೇಳಿಕೊಂಡರು: ಪರ್ವದ ದಿನಗಳಲ್ಲಿ ಊಟದಲ್ಲಿ ಉಪ್ಪು, ಹಸಿರು ತರಕಾರಿ ಬಿಡುವ ನೇಮ ಹಿಡಿಯುವಂತೆ, ಹಕ್ಕಿ ಇರುವಷ್ಟು ದಿನ ದಂಡೆಗೆ ಹೋಗದ ನೇಮ ಹಿಡಿಯಿರಿ, ನಾಯಿ ಕಟ್ಟಿರಿ, ಕಾಳನ್ನು ಅಂಗಳದ ಗುಬ್ಬಿಗೆ ಹಾಕಿರಿ.

ನೇಮವೆಂದ ಮೇಲೆ ಯಾರು ಮುರಿಯುತ್ತಾರೆ? ಹೆಂಗಸರು ಮೊದಲು ಒಪ್ಪಿದರು, ಗಂಡಸರು ಮನೆಯಲ್ಲಿ ಊಟ ಸಿಗಬೇಕಲ್ಲ ಎಂದು ಒಪ್ಪಿದರು. ಡಿಸೆಂಬರ್ ಪೂರ್ತಿ ನೀರಿನಲ್ಲಿ ಒಂದು ಹಕ್ಕಿಯೂ ಇರಲಿಲ್ಲ. ಜಿನಮತಿ ದಿನವೂ ಹಲಗೆ ಎತ್ತಿದರು, ಇಳಿಸಿದರು. ಸಂಕ್ರಾಂತಿ ಹತ್ತಿರ ಬಂದಾಗ ಒಂದು ಬೆಳಗ್ಗೆ ದೊಡ್ಡವು ಇಳಿದವು. ಮರುದಿನ, ಈ ನೀರಿಗೆ ಎಂದೂ ಬಾರದಿದ್ದ ಚಿಕ್ಕವೂ ಬಂದವು.

ಈಗ ಊರಲ್ಲಿ ಎಲ್ಲರಿಗಿಂತ ಮೊದಲು ನಾಯಿ ಕಟ್ಟುವವನು ಜಿನಗೊಂಡ. "ಮುಂದಿನ ಸಭಾದಾಗ ಹಲಗಿ ಕೀಳೂ ಮಾತ ಯಾರರ ಎತ್ತಲಿ, ನೋಡ್ತೀನಿ," ಎನ್ನುತ್ತಾನೆ, ಕಳೆದ ಸಲ ಎತ್ತಿದವನು ತಾನಲ್ಲವೇ ಅಲ್ಲ ಎಂಬಂತೆ.

ಹಿಂಡಿನ ಅಂಚಿನಲ್ಲಿ ಒಂದು ಬೂದುಬಣ್ಣದ್ದಿದೆ. ದೊಡ್ಡ ಜಾತಿಯ ಮರಿ. ಕಚ್ಛದ ರಣದಂಥ ಕಡೆ ಮಣ್ಣಿನ ದಿಬ್ಬದ ಗೂಡಿನಲ್ಲಿ ಒಂದೇ ಮೊಟ್ಟೆ, ಅದಕ್ಕೆ ತಂದೆತಾಯಿ ಇಬ್ಬರೂ ಸರದಿಯ ಕಾವು, ಮರಿಯಾದ ಮೇಲೆ ಇಬ್ಬರ ಗಂಟಲಲ್ಲೂ ಊರುವ ಹಾಲಿನಂಥ ಕೆಂಪು ರಸದ ಗುಟುಕು. ಹಾಗೆ ಬೆಳೆದು ಬಂದಿದೆ. ಗುಲಾಬಿಯಾಗಲು ಇನ್ನೂ ಕೆಲವು ವರ್ಷ ಬೇಕು. ಜಿನಮತಿಯ ಕಣ್ಣು ಅದನ್ನು ಬಿಟ್ಟು ಕದಲುವುದಿಲ್ಲ.

ನಿಮಗೇನು ಆಸೆ ಎಂದು ಕೇಳಿದರೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

"ಅದು ಗುಲಾಬಿ ಆಗಿ ಬಂದಾಗ ನಂಗ ಗುರ್ತ ಸಿಗೂದಿಲ್ರಿ. ಸಿಗದಿದ್ರೂ ಚಿಂತಿಲ್ಲ. ಅದಕ್ಕ ಈ ನೀರಿನ ಗುರ್ತ ಇದ್ರ ಸಾಕು."